ಕೊಂಡಿ ಕಡಿದ ದಿನವೂ ಅಂಗಡಿ ನಡೆಯಬೇಕು

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ, ಕಾಳುಮೆಣಸು ಖರೀದಿ ಮಾಡುವವರು. ಅಪ್ಪನ ಕಾಲದ ಅಂಗಡಿ. ಈಗ ನಾನೂ ತಮ್ಮನೂ ನೋಡಿಕೊಳ್ಳುತ್ತೇವೆ. ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದೆ. ಮಾಲು ಹೆಚ್ಚಾಗಿ ಹೋಗುವುದು ಮಂಗಳೂರಿನ ಒಂದು ದೊಡ್ಡ ಕಂಪೆನಿಗೆ. ಅವರು ಈಗ ಎರಡು ಷರತ್ತು ಹಾಕಿದ್ದಾರೆ. ಒಂದು, ನಮ್ಮ ಲೆಕ್ಕದ ಸಾಫ್ಟ್‌ವೇರನ್ನು ಅವರ ಸಿಸ್ಟಮ್‌ಗೆ ಜೋಡಿಸಬೇಕು. ಎರಡು, ‘ಬಿಸಿಪಿ’ ಕೊಡಬೇಕು, ಅಂದರೆ ಏನೇ ಅನಾಹುತ ಆದರೂ ವ್ಯಾಪಾರ ನಿಲ್ಲದ ಹಾಗೆ ಏನು ವ್ಯವಸ್ಥೆ ಇದೆ ಎಂದು ಬರೆದು ಕೊಡಬೇಕು. ಒಬ್ಬ ಕನ್ಸಲ್ಟೆಂಟ್ ಸರ್ವರ್, ಸಾಫ್ಟ್‌ವೇರ್, ಸರ್ಟಿಫಿಕೇಟ್ ಎಲ್ಲ ಸೇರಿಸಿ ಕೊಟ್ಟ ಕೊಟೇಶನ್ ನೋಡಿ ತಲೆ ತಿರುಗಿತು. ಇದೆಲ್ಲ ನಮ್ಮಂಥವರಿಗೆ ನಿಜಕ್ಕೂ ಬೇಕಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬೇಕು. ನಿಮ್ಮಷ್ಟು ವಹಿವಾಟು ಇರುವವರಿಗೆ ಖಂಡಿತ ಬೇಕು. ಆದರೆ ಸರ್ವರ್‌ನಿಂದ ಶುರು ಮಾಡಬೇಡಿ. ಆ ಕೊಟೇಶನ್ ಸದ್ಯ ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಮ್ಮನನ್ನೂ ಅಂಗಡಿಯ ಹಳೇ ಗುಮಾಸ್ತರನ್ನೂ ಜೊತೆಗೆ ಕೂರಿಸಿಕೊಳ್ಳಿ. ಒಂದು ಗೋಣಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ನಿಮ್ಮ ಅಂಗಳಕ್ಕೆ ಬಂದಲ್ಲಿಂದ, ಅದರ ಹಣ ನಿಮ್ಮ ಖಾತೆಗೆ ಬೀಳುವವರೆಗೆ ಏನೇನು ಆಗುತ್ತದೆ ಎಂದು ಸಾಲಾಗಿ ಬರೆಯಿರಿ.

ಕೃಷಿಕರು ಜೀಪಿನಲ್ಲಿ ಗೋಣಿ ತಂದು ಇಳಿಸುತ್ತಾರೆ. ತೂಕ ಆಗುತ್ತದೆ. ಸುರಿದು ನೋಡಿ ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಮಾಡಿ ದರ ಹೇಳುತ್ತೀರಿ. ಖರೀದಿ ಚೀಟಿ ಬರೆಯುತ್ತೀರಿ. ಕೃಷಿಕರಿಗೆ ಹಣ ಹೋಗುತ್ತದೆ. ಮಾಲು ಗೋದಾಮಿಗೆ ಸೇರುತ್ತದೆ. ಆಮೇಲೆ ಮಾರಾಟದ ಬಿಲ್, ಇ-ಇನ್‌ವಾಯ್ಸ್ (ಸರಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್), ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಆನ್‌ಲೈನ್ ಚೀಟಿ), ಲಾರಿ, ತಲಪಾಡಿ ಗಡಿ, ಕಂಪೆನಿಯ ಗೇಟು, ಅಲ್ಲಿನ ತೂಕ, ಅವರ ಒಪ್ಪಿಗೆ, ಕೊನೆಗೆ ಹಣ.

ಈಗ ಪ್ರತಿ ಸಾಲಿನ ಎದುರು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ಮತ್ತೆ ಬರೆದುಕೊಳ್ಳಬಹುದು? ನಮ್ಮ ಕಂಪ್ಯೂಟರ್ ಕಸುಬಿನಲ್ಲಿ ಮೊದಲನೆಯದಕ್ಕೆ ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್), ಎರಡನೆಯದಕ್ಕೆ ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್) ಎನ್ನುತ್ತಾರೆ. ಈ ವಿಷಯಕ್ಕೆ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. 2012ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆ ಆಯಿತು. ಅದರಲ್ಲೂ ಇಂಥ ಪ್ರಶ್ನೆಗೆ ಮುಖ್ಯ ಜಾಗ ಇದೆ.

ಉತ್ತರ ಎಲ್ಲ ಸಾಲಿಗೂ ಒಂದೇ ಬರುವುದಿಲ್ಲ. ತೂಕದ ಯಂತ್ರ ಹತ್ತು ನಿಮಿಷ ನಿಂತರೂ ಅಂಗಳದಲ್ಲಿ ಜೀಪುಗಳ ಸಾಲು ನಿಲ್ಲುತ್ತದೆ. ಕೃಷಿಕರ ಹಣ ಸಂಜೆಯವರೆಗೆ ತಡ ಆದರೆ ನಡೆಯಬಹುದು. ಮರುದಿನಕ್ಕೆ ಹೋದರೆ ಅವರು ಮುಂದಿನ ಸಲ ನೀರ್ಚಾಲಿನಲ್ಲೋ ಪೆರ್ಲದಲ್ಲೋ ಬೇರೆ ಅಂಗಡಿ ನೋಡುತ್ತಾರೆ. ಮಾರಾಟದ ಬಿಲ್ಲು ಒಂದು ದಿನ ತಡೆಯುತ್ತದೆ. ತಿಂಗಳ ಲೆಕ್ಕ ಮೂರು ದಿನ ತಡೆದರೂ ಯಾರಿಗೂ ತೊಂದರೆ ಇಲ್ಲ. ಹೀಗೆ ಬರೆದು ಮುಗಿಸಿದ ಮೇಲೆ ಆ ಕೊಟೇಶನ್ ಮತ್ತೊಮ್ಮೆ ತೆರೆದು ನೋಡಿ. ಸೆಕೆಂಡಿನಲ್ಲಿ ಬದಲಿ ಕೆಲಸಕ್ಕೆ ನಿಲ್ಲುವ ಎರಡನೇ ಸರ್ವರ್ ಯಾವ ಸಾಲಿಗೆ ಬೇಕು? ನಿಮ್ಮ ಪಟ್ಟಿಯಲ್ಲಿ ನಿಮಿಷದ ಲೆಕ್ಕದಲ್ಲಿ ನಿಲ್ಲಬಾರದ ಕೆಲಸ ತೂಕ ಒಂದೇ. ಅದಕ್ಕೆ ಬೇಕಾಗಿರುವುದು ಬ್ಯಾಟರಿಯಲ್ಲಿ ನಡೆಯುವ ಇನ್ನೊಂದು ತೂಕದ ಯಂತ್ರ ಮತ್ತು ಕಾರ್ಬನ್ ಇಟ್ಟು ಬರೆಯುವ ಚೀಟಿ ಪುಸ್ತಕ.

ಬ್ಯಾಕಪ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲರೂ ‘ನಮ್ಮಲ್ಲಿ ಬ್ಯಾಕಪ್ ಇದೆ’ ಅಂತಲೇ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಪೆರ್ಲದ ಕಡೆಯ ಒಂದು ಅಂಗಡಿಯಿಂದ ಸಂಜೆ ಹೊತ್ತಿಗೆ ಫೋನ್ ಬಂತು. ತುಲಾ ತಿಂಗಳು. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಸಿಡಿಲು ಹೊಡೆಯುವ ಕಾಲ, ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಮರುದಿನ ಬೆಳಗ್ಗೆ ಹೋದೆ. ಕೋಣೆಯ ಬಾಗಿಲು ತೆಗೆದಾಗ ಸುಟ್ಟ ಪ್ಲಾಸ್ಟಿಕ್ ವಾಸನೆ. ಮೋಡೆಮ್ ಕರಟಿತ್ತು, ಕಂಪ್ಯೂಟರಿನ ಬೋರ್ಡ್ ಹೋಗಿತ್ತು. ಅವರು ದಿನಾ ತಪ್ಪದೆ ಬ್ಯಾಕಪ್ ಮಾಡುತ್ತಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಬ್ಯಾಕಪ್ ಡಿಸ್ಕು ಅದೇ ಕಂಪ್ಯೂಟರಿನ ಬೆನ್ನಿಗೆ ಸದಾ ಸಿಕ್ಕಿಸಿಯೇ ಇತ್ತು. ಎರಡೂ ಒಟ್ಟಿಗೆ ಹೋದವು.

ಮಾರಾಟದ ಬಿಲ್ಲುಗಳನ್ನು ಜಿಎಸ್‌ಟಿ ರಿಟರ್ನ್‌ಗಳಿಂದ ಮತ್ತೆ ಪಡೆದುಕೊಂಡೆವು. ಖರೀದಿಯನ್ನು ಕಾರ್ಬನ್ ಪ್ರತಿ ನೋಡಿ ನಾಲ್ಕು ಜನ ಎಂಟು ದಿನ ಕೂತು ಟೈಪ್ ಮಾಡಿದರು. ಆದರೆ ಕೃಷಿಕರಿಗೆ ಕೊಟ್ಟ ಮುಂಗಡದ ಲೆಕ್ಕ ಬೇರೆ ಎಲ್ಲೂ ಇರಲಿಲ್ಲ. ಸುದ್ದಿ ಕೇಳಿ ಕೃಷಿಕರೇ ಒಬ್ಬೊಬ್ಬರಾಗಿ ಬಂದು, ‘ನನಗೆ ಇಷ್ಟು ಕೊಟ್ಟಿದ್ದೀರಿ, ಬರೆದುಕೊಳ್ಳಿ’ ಎಂದು ಹೇಳಿ ಬರೆಸಿ ಹೋದರು. ಅದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಅಂಥ ವಿಶ್ವಾಸ ಇರುವ ಊರು ನಮ್ಮದು. ಆ ವಿಶ್ವಾಸದ ಮೇಲೆ ಇಷ್ಟು ಭಾರ ಹೇರುವ ಪರಿಸ್ಥಿತಿ ತಂದುಕೊಳ್ಳಬಾರದು ಅಂತ ಅವತ್ತೇ ಅನ್ನಿಸಿತು.

ಹಾಗಾಗಿ ನಿಯಮ ಇಷ್ಟು. ಲೆಕ್ಕದ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ ಇರಲಿ, ಒಂದು ಅಂಗಡಿಯಿಂದ ಹೊರಗೆ ಇರಲಿ. ನಿಮಗಾದರೆ ಕಂಪ್ಯೂಟರಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು, ಎರಡು ಪೋರ್ಟಬಲ್ ಡಿಸ್ಕುಗಳಲ್ಲಿ ದಿನ ಬಿಟ್ಟು ದಿನ ಒಂದು. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕು ಕಳಚಿ ಮನೆಗೆ ಹೋಗಬೇಕು. ಸಿಡಿಲಿಗೆ ಮಾತ್ರ ಅಲ್ಲ, ರಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಬಂದರೂ ಇದೇ ಕಾಪಾಡುವುದು. ಕಂಪ್ಯೂಟರಿಗೆ ಸಿಕ್ಕಿಸಿದ ಡಿಸ್ಕನ್ನೂ ಅದು ಲಾಕ್ ಮಾಡಿಬಿಡುತ್ತದೆ. ಕಳಚಿಟ್ಟದ್ದನ್ನು ಮುಟ್ಟಲು ಆಗುವುದಿಲ್ಲ. ಮತ್ತೆ ಮೂರು ತಿಂಗಳಿಗೊಮ್ಮೆ ಆ ಡಿಸ್ಕನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ, ಲೆಕ್ಕ ತೆರೆದು, ನಿನ್ನೆಯ ಕೊನೆಯ ಚೀಟಿ ಅದರಲ್ಲಿ ಇದೆಯಾ ಎಂದು ಕಣ್ಣಾರೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಹಳೇ ಕಂಪ್ಯೂಟರ್ ಗುಜರಿಗೆ ಹಾಕುವಾಗ ಇದು ನೆನಪಿರಲಿ.

ಈಗ ಇ-ವೇ ಬಿಲ್ ವಿಷಯಕ್ಕೆ ಬರುತ್ತೇನೆ. ಗಡಿಯಲ್ಲಿ ವ್ಯಾಪಾರ ಮಾಡುವ ನಮಗೆ ಎಲ್ಲಕ್ಕಿಂತ ಬೇಗ ಕೈಕೊಡುವುದು ಇಲ್ಲೇ. ಮಂಗಳೂರು ನಮಗೆ ಪಕ್ಕದ ಊರು, ಸರಿ. ಆದರೆ ಜಿಎಸ್‌ಟಿ ಲೆಕ್ಕದಲ್ಲಿ ನಿಮ್ಮ ನಂಬರ್ 32ರಿಂದ ಶುರು, ಅವರದ್ದು 29ರಿಂದ. ಅಂತರರಾಜ್ಯ ಸಾಗಾಟ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವ ಹಾಗಿಲ್ಲ. ಚಾಲಿಗೆ ಕೆಜಿಗೆ 400 ರೂಪಾಯಿ ಹಿಡಿದರೂ 125 ಕೆಜಿಗೇ ಆ ಮೊತ್ತ ಮುಟ್ಟುತ್ತದೆ. ಅಂದರೆ ನಿಮ್ಮ ಪ್ರತಿಯೊಂದು ಲೋಡಿಗೂ ಬೇಕು. ದಾರಿಯಲ್ಲಿ ಹಿಡಿದರೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ಮಾಲು ಅಲ್ಲೇ ನಿಲ್ಲುತ್ತದೆ.

2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪೋರ್ಟಲ್‌ಗೆ ಪಾಸ್‌ವರ್ಡ್ ಜೊತೆಗೆ ಒಟಿಪಿ ಎಲ್ಲರಿಗೂ ಕಡ್ಡಾಯ ಆಯಿತು. ಸುರಕ್ಷತೆಗೆ ಒಳ್ಳೆಯದೇ. ಆದರೆ ಆ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ನೋಡಿ. ತುಂಬ ಅಂಗಡಿಗಳಲ್ಲಿ ಅದು ಯಜಮಾನರ ಒಂದೇ ನಂಬರಿಗೆ ಬರುತ್ತದೆ. ಯಜಮಾನರು ಮಧೂರಿಗೆ ಪೂಜೆಗೆ ಹೋಗಿದ್ದಾರೆ, ಫೋನ್ ಸೈಲೆಂಟ್‌ನಲ್ಲಿದೆ. ಲಾರಿ ತುಂಬಿ ನಿಂತಿದೆ, ಡ್ರೈವರ್ ಗಡಿಯಾರ ನೋಡುತ್ತಿದ್ದಾನೆ. ಸರ್ವರ್, ಸಾಫ್ಟ್‌ವೇರ್ ಎಲ್ಲ ಸರಿ ಇದೆ. ಆದರೂ ವ್ಯಾಪಾರ ನಿಂತಿತು. ಇದಕ್ಕೆ ಖರ್ಚಿಲ್ಲದ ಪರಿಹಾರ ಇದೆ. ಪೋರ್ಟಲ್‌ನಲ್ಲೇ ಉಪ-ಬಳಕೆದಾರರನ್ನು ಮಾಡಬಹುದು. ನಿಮ್ಮ ತಮ್ಮನಿಗೊಂದು, ಗುಮಾಸ್ತರಿಗೊಂದು, ಅವರವರ ಮೊಬೈಲ್ ನಂಬರ್ ಜೊತೆಗೆ. ಈ ವಾರವೇ ಮಾಡಿ. ಕನ್ಸಲ್ಟೆಂಟ್ ಬರುವವರೆಗೆ ಕಾಯಬೇಡಿ.

ಪೋರ್ಟಲ್ಲೇ ನಿಂತರೆ? 2025ರ ಜುಲೈ 1ರಿಂದ ‘ಇ-ವೇ ಬಿಲ್ 2.0’ ಎಂಬ ಎರಡನೇ ಪೋರ್ಟಲ್ ಶುರುವಾಗಿದೆ. ಒಂದು ನಿಂತಾಗ ಇನ್ನೊಂದರಲ್ಲಿ ಕೆಲಸ ಮುಂದುವರಿಯಲಿ ಅಂತಲೇ ಅದನ್ನು ಮಾಡಿದ್ದು. ಎರಡರ ಮಾಹಿತಿಯೂ ತಾನಾಗಿ ಹೊಂದಿಕೊಳ್ಳುತ್ತದೆ. ಇ-ಇನ್‌ವಾಯ್ಸ್‌ಗೂ ಹಾಗೆಯೇ. ನಿಮ್ಮದು 5 ಕೋಟಿ ದಾಟಿದ ವಹಿವಾಟು, 2023ರ ಆಗಸ್ಟ್ 1ರಿಂದ ನಿಮ್ಮಂಥವರಿಗೂ ಅದು ಕಡ್ಡಾಯ. ಅದಕ್ಕೆ ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಎರಡು ಪೋರ್ಟಲ್ ಇವೆ, ಮಾನ್ಯತೆ ಪಡೆದ ಖಾಸಗಿ ಪೋರ್ಟಲ್‌ಗಳೂ ಇವೆ. ನಿಮ್ಮ ಸಾಫ್ಟ್‌ವೇರ್ ಯಾವುದಕ್ಕೆ ಹೋಗುತ್ತದೆ, ಬದಲಿಸಬೇಕಾದರೆ ಎಲ್ಲಿ ಒತ್ತಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ದೊಡ್ಡವರಿಗೂ ಎರಡನೇ ದಾರಿ ಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಒಂದು ಎಚ್ಚರಿಕೆ. ಕರೆಂಟು, ಇಂಟರ್‌ನೆಟ್ ಇಲ್ಲದ ದಿನ ಖರೀದಿ ಚೀಟಿ ಕೈಯಲ್ಲಿ ಬರೆಯಬಹುದು. ಆದರೆ ಇ-ಇನ್‌ವಾಯ್ಸ್ ಕಡ್ಡಾಯ ಇರುವವರು ಕಂಪೆನಿಗೆ ಮಾರುವ ಬಿಲ್ಲನ್ನು ಕೈಯಲ್ಲಿ ಬರೆದು ಕಳಿಸುವ ಹಾಗಿಲ್ಲ. ಐಆರ್‌ಎನ್ (ಪೋರ್ಟಲ್ ಪ್ರತಿ ಇ-ಇನ್‌ವಾಯ್ಸ್‌ಗೆ ಕೊಡುವ ನಂಬರ್) ಇಲ್ಲದ ಬಿಲ್ಲು ಬಿಲ್ಲೇ ಅಲ್ಲ. ಆ ದಿನ ಲಾರಿಯನ್ನು ನಿಲ್ಲಿಸುವುದೇ ಸರಿ. ನಿಮ್ಮ ಯೋಜನೆಯಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ: ‘ಇಂಥ ದಿನ ನಾವು ಮಾಲು ಕಳಿಸುವುದಿಲ್ಲ, ಒಂದು ಗಂಟೆಯೊಳಗೆ ನಿಮಗೆ ತಿಳಿಸುತ್ತೇವೆ.’ ಏನನ್ನು ನಿಲ್ಲಿಸುತ್ತೇವೆ ಎಂದು ಹೇಳುವುದೂ ಯೋಜನೆಯ ಭಾಗವೇ.

ಇನ್ನು ಜೋಡಣೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಜನ ಜೋಡಣೆಯನ್ನೂ ಬಿಸಿಪಿಯನ್ನೂ ಎರಡು ಬೇರೆ ಕೆಲಸ ಅಂತ ನೋಡುತ್ತಾರೆ. ಕೊಟೇಶನ್ನೂ ಎರಡಾಗಿ ಬರುತ್ತದೆ. ಆದರೆ ನಾನು ನೋಡಿದ ಹಾಗೆ, ಕೆಲಸ ನಿಲ್ಲುವುದು ಹೆಚ್ಚಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ. ಹಾಗಾಗಿ ಜೋಡಿಸುವಾಗಲೇ, ಈ ಕೊಂಡಿ ಕಡಿದರೆ ಎರಡೂ ಕಡೆಯವರು ತಮ್ಮ ತಮ್ಮ ಕೆಲಸ ಹೇಗೆ ಮುಂದುವರಿಸುತ್ತಾರೆ ಎಂದು ತೀರ್ಮಾನ ಮಾಡಬೇಕು. ಕಡಿದರೂ ನಡೆಯುವ ಹಾಗೆ ಜೋಡಿಸಬೇಕು.

ಜೋಡಿಸಲು ಮೂರು ದಾರಿ ಇವೆ. ಒಂದು, ದಿನಕ್ಕೆ ಎರಡು ಸಲ ನಿಮ್ಮ ಸಾಫ್ಟ್‌ವೇರಿನಿಂದ ಒಂದು ಫೈಲ್ ತೆಗೆದು ಅವರ ಸುರಕ್ಷಿತ ಫೋಲ್ಡರಿಗೆ ಹಾಕುವುದು. ಎರಡು, ಎಪಿಐ (ಎರಡು ಸಾಫ್ಟ್‌ವೇರ್ ನೇರವಾಗಿ ಮಾತಾಡಿಕೊಳ್ಳುವ ದಾರಿ) ಮೂಲಕ ಬಿಲ್ ಆದ ಕ್ಷಣವೇ ಅವರ ಸಿಸ್ಟಮ್‌ಗೆ ಹೋಗುವುದು. ಮೂರು, ನಿಮ್ಮ ಡೇಟಾಬೇಸ್‌ಗೇ ಅವರಿಗೆ ಒಳಗೆ ಬರಲು ಬಿಡುವುದು. ಮೂರನೆಯದಕ್ಕೆ ಯಾರು ಹೇಳಿದರೂ ಒಪ್ಪಬೇಡಿ. ನಿಮ್ಮ ಖರೀದಿ ದರ, ನಿಮ್ಮ ಕೃಷಿಕರ ಹೆಸರು, ಮುಂಗಡ ಎಲ್ಲ ಅದರಲ್ಲಿ ಇರುತ್ತದೆ. ಅದನ್ನು ನೋಡುವ ಅಗತ್ಯ ಖರೀದಿದಾರರಿಗೆ ಇಲ್ಲ. ದಿನಕ್ಕೆ ಎರಡೋ ಮೂರೋ ಲಾರಿ ಹೋಗುವ ನಿಮ್ಮಂಥವರಿಗೆ ಮೊದಲ ವರ್ಷ ಫೈಲ್ ದಾರಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಕೊಂಡಿ ಕಡಿದರೆ ಅದೇ ಫೈಲನ್ನು ಇಮೇಲ್‌ನಲ್ಲಿ ಕಳಿಸಬಹುದು. ಕಂಪೆನಿಯವರು ಎಪಿಐ ಅಂತಲೇ ಪಟ್ಟು ಹಿಡಿದರೆ ಮಾಡಿ, ಹೆದರಬೇಕಾಗಿಲ್ಲ. ಆದರೆ ಫೈಲ್ ದಾರಿಯನ್ನೂ ಮುಚ್ಚದೆ ಇಟ್ಟುಕೊಳ್ಳಿ.

ಎಪಿಐ ಮಾಡುವಾಗ ಒಂದು ಮಾತು ಮರೆಯಬೇಡಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಜೋಡಣೆಯ ಕೆಲಸದಲ್ಲಿ ನಾನೂ ಇದ್ದೆ. ಜೋರು ಮಳೆಯ ದಿನ, ಲೈನ್ ನಿಧಾನ. ನಮ್ಮ ಕಡೆಯಿಂದ 40 ಗೋಣಿಯ ಬಿಲ್ಲು ಹೋಯಿತು. ‘ತಲುಪಿತು’ ಎಂಬ ಉತ್ತರ ಬರಲು ತಡ ಆಯಿತು. ಸಾಫ್ಟ್‌ವೇರ್ ಮೂವತ್ತು ಸೆಕೆಂಡ್ ಕಾದು, ತಲುಪಲಿಲ್ಲ ಎಂದುಕೊಂಡು, ಇನ್ನೊಮ್ಮೆ ಕಳಿಸಿತು. ಆಚೆ ಕಡೆಯ ಸಿಸ್ಟಮ್ ಎರಡನ್ನೂ ಬರೆದುಕೊಂಡಿತು. ಅವರ ಲೆಕ್ಕದಲ್ಲಿ 80 ಗೋಣಿ. ಗೇಟಿಗೆ ಬಂದದ್ದು 40. ಉಳಿದ 40 ಎಲ್ಲಿ ಎಂದು ಅವರ ಲೆಕ್ಕ ವಿಭಾಗದವರು ಪೂರ್ತಿ ಹಣ ತಡೆಹಿಡಿದರು. ಹನ್ನೊಂದು ದಿನ. ಆ ಹನ್ನೊಂದು ದಿನ ಆ ಅಂಗಡಿಯವರು ಕೃಷಿಕರಿಗೆ ಸಾಲ ಮಾಡಿ ಹಣ ಕೊಟ್ಟರು. ಲೈನ್ ನಿಧಾನ ಆಗದಿದ್ದರೆ ಈ ತಪ್ಪು ಕಾಣುತ್ತಲೇ ಇರಲಿಲ್ಲ. ನಾವು ಪರೀಕ್ಷೆ ಮಾಡಿದ್ದು ಲೈನ್ ಸರಿ ಇದ್ದ ದಿನ ಮಾತ್ರ.

ಪರಿಹಾರ ಸರಳ. ಕಳಿಸುವ ಪ್ರತಿ ದಾಖಲೆಗೂ ಒಂದು ವಿಶಿಷ್ಟ ನಂಬರ್ ಇರಬೇಕು. ಪಡೆಯುವವರು ಬರೆದುಕೊಳ್ಳುವ ಮೊದಲು ‘ಈ ನಂಬರ್ ಆಗಲೇ ಬಂದಿದೆಯಾ’ ಎಂದು ನೋಡಬೇಕು. ಬಂದಿದ್ದರೆ ಎರಡನೆಯದನ್ನು ಬರೆಯದೆ, ‘ತಲುಪಿದೆ’ ಎಂದು ಉತ್ತರ ಮಾತ್ರ ಕೊಡಬೇಕು. ನಿಮ್ಮ ಕಡೆ ಉತ್ತರ ಬರುವವರೆಗೆ ದಾಖಲೆ ಸಾಲಿನಲ್ಲಿ ಕಾಯಬೇಕು, ಕಳೆದುಹೋಗಬಾರದು. ದಿನದ ಕೊನೆಗೆ ಎರಡೂ ಕಡೆಯ ಪಟ್ಟಿ ಹೊಂದಿಸಿ ನೋಡಬೇಕು: ಎಷ್ಟು ಬಿಲ್ಲು, ಎಷ್ಟು ಗೋಣಿ, ಎಷ್ಟು ಕೆಜಿ, ಎಷ್ಟು ರೂಪಾಯಿ. ಇದನ್ನು ಅದೇ ಸಂಜೆ ಮಾಡುವುದಕ್ಕೆ ಕಾರಣ ಇದೆ. ಇ-ಇನ್‌ವಾಯ್ಸ್ ಆಗಲಿ ಇ-ವೇ ಬಿಲ್ ಆಗಲಿ, ತಪ್ಪಿ ಎರಡಾಗಿದ್ದರೆ 24 ಗಂಟೆಯೊಳಗೆ ರದ್ದು ಮಾಡಬಹುದು. ಆಮೇಲೆ ಬಿಲ್ಲಿಗೆ ಕ್ರೆಡಿಟ್ ನೋಟ್ ದಾರಿಯೇ ಗತಿ.

ಇನ್ನೊಂದು, ಹೆಸರುಗಳು. ನಿಮ್ಮ ಅಂಗಡಿಯಲ್ಲಿ ‘ಹಳತು’ ಅಂದರೆ ಏನು, ಅವರ ಗೋದಾಮಿನಲ್ಲಿ ‘ಹಳತು’ ಅಂದರೆ ಏನು? ಒಂದೇನಾ? ತೂಕ ಗೋಣಿ ಸೇರಿಸಿಯೋ ಬಿಟ್ಟೋ? ನೀವು ಕೆಜಿ ಬರೆದದ್ದನ್ನು ಅವರ ಸಿಸ್ಟಮ್ ಕ್ವಿಂಟಾಲ್ ಎಂದು ಓದುತ್ತದಾ? ಕೋಡು ಬರೆಯುವ ಮೊದಲು ಎರಡೂ ಕಡೆಯ ಅಡಿಕೆ ಬಲ್ಲವರು ಒಂದು ಮೇಜಿನ ಎದುರು ಕೂತು ಒಂದು ಪಟ್ಟಿ ಮಾಡಬೇಕು. ಇದನ್ನು ಕಂಪ್ಯೂಟರ್ ಹುಡುಗರಿಗೆ ಬಿಡಬೇಡಿ, ಪಟೋರ ಯಾವುದು ಉಳ್ಳಿ ಯಾವುದು ಅಂತ ಅವರಿಗೆ ಗೊತ್ತಿರುವುದಿಲ್ಲ.

ಕೃಷಿಕರ ಹೆಸರಿನ ವಿಷಯದಲ್ಲಿ ಕಾಸರಗೋಡಿನವರಿಗೆ ಇನ್ನೊಂದು ತೊಡಕು. ಒಬ್ಬರದೇ ಹೆಸರು ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಇನ್ನೊಂದು ಥರ, ನಿಮ್ಮ ಪುಸ್ತಕದಲ್ಲಿ ಕನ್ನಡದಲ್ಲಿ ಮತ್ತೊಂದು ಥರ. ‘ಭಟ್’, ‘ಭಟ್ಟ’, ‘ಭಟ್ಟರು’ ಮೂವರೂ ಒಬ್ಬರೇ. ಅದೇ ಹೆಸರಿನವರು ಪಕ್ಕದ ಮನೆಯಲ್ಲೂ ಇರುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ಅಂಗಡಿಯದ್ದೇ ಒಂದು ನಂಬರ್ ಕೊಡಿ, ಜೋಡಣೆ ಆ ನಂಬರ್ ಮೇಲೆ ನಡೆಯಲಿ, ಹೆಸರಿನ ಮೇಲೆ ಬೇಡ. ನಿಮ್ಮ ಹಳೇ ಲೆಕ್ಕದಲ್ಲಿ ಕನ್ನಡವನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಬೇರೆ ಸಿಸ್ಟಮ್‌ಗೆ ಹೋದಾಗ ಅದು ಅರ್ಥವಿಲ್ಲದ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಜೋಡಣೆಗೆ ಮೊದಲೇ ಅದನ್ನು ಯೂನಿಕೋಡ್‌ಗೆ ಬದಲಿಸಿ. ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಬರೆಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಯೂನಿಕೋಡ್ ಕನ್ನಡ ಇವತ್ತಿನ ಹೆಚ್ಚಿನ ಸಿಸ್ಟಮ್‌ಗಳಲ್ಲಿ ಸರಿಯಾಗಿ ಹೋಗುತ್ತದೆ.

ಕೊಂಡಿ ಕಡಿಯುವುದು ನಿಮ್ಮ ಮತ್ತು ಕಂಪೆನಿಯ ನಡುವೆ ಮಾತ್ರ ಅಲ್ಲ. 2024ರ ಜುಲೈ 31 ನೆನಪಿದೆಯಾ? ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರಾನ್ಸಮ್‌ವೇರ್ ದಾಳಿಯ ಪರಿಣಾಮ ಆಯಿತು. ಹರಡಬಾರದು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಆ ಕಂಪೆನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತಿತು. ಆ ಬ್ಯಾಂಕುಗಳು ತಾವೇ ಏನೂ ತಪ್ಪು ಮಾಡಿರಲಿಲ್ಲ. ಅವುಗಳ ಪಾಲುದಾರರ ಮನೆಯಲ್ಲಿ ತೊಂದರೆ ಆಗಿತ್ತು. ಅದೇ ತಿಂಗಳ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ಒಂದು ತಪ್ಪು ಅಪ್‌ಡೇಟ್‌ನಿಂದ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ಹಾಗಾಗಿ ನಿಮ್ಮ ಬ್ಯಾಂಕಿನ ಮ್ಯಾನೇಜರರ ಹತ್ತಿರ, ನಿಮ್ಮ ಪಾವತಿ ವ್ಯವಸ್ಥೆ ಯಾರ ಕೈಯಲ್ಲಿದೆ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಎರಡನೇ ಖಾತೆ ತೆರೆಯುವುದಾದರೆ ಬೇರೆ ವ್ಯವಸ್ಥೆಯಲ್ಲಿರುವ ಬ್ಯಾಂಕಿನಲ್ಲಿ ತೆರೆಯಿರಿ. ಇಲ್ಲದಿದ್ದರೆ ಖಾತೆ ಎರಡಿದ್ದರೂ ದಾರಿ ಒಂದೇ ಆಗುತ್ತದೆ. ಚೆಕ್ ಪುಸ್ತಕ ಇಟ್ಟುಕೊಳ್ಳಿ. ನಗದು ಕೊಡುವುದಾದರೆ, ಒಬ್ಬರು ಇನ್ನೊಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ ಎಂಬುದು ಕೃಷಿಕರಿಗೂ ಅನ್ವಯಿಸುತ್ತದೆ. ಆಡಿಟರ್ ಹತ್ತಿರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಊರಿಗೇ ಸೇರಿದ ಇನ್ನೊಂದು ಅಪಾಯ ಪೇಟೆಯ ಕನ್ಸಲ್ಟೆಂಟ್‌ಗಳ ಪಟ್ಟಿಯಲ್ಲಿ ಇರುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಹೊತ್ತಿಗೆ ಗಡಿಯ ರಸ್ತೆಗಳನ್ನು ಮುಚ್ಚಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಮಂಗಳೂರನ್ನೇ ನಂಬಿದ್ದ ನಮಗೆ ಆ ದಿನಗಳು ಮರೆಯುವುದಿಲ್ಲ. ಆಗ ಎಷ್ಟೋ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಗಡಿಯ ಆಚೆ, ಕಂಪ್ಯೂಟರ್ ಈಚೆ. ಸಾಫ್ಟ್‌ವೇರ್ ಸರಿಪಡಿಸುವವರು ಪುತ್ತೂರಿನಲ್ಲಿ, ಪಾಸ್‌ವರ್ಡ್ ಅವರೊಬ್ಬರ ತಲೆಯಲ್ಲಿ. ನಿಮ್ಮ ಯೋಜನೆಯಲ್ಲಿ ಒಂದು ಪುಟ ಇದಕ್ಕೇ ಮೀಸಲಿಡಿ. ಗಡಿ ಒಂದು ವಾರ ಮುಚ್ಚಿದರೆ ಯಾರು ಎಲ್ಲಿಂದ ಕೆಲಸ ಮಾಡುತ್ತಾರೆ? ಪಾಸ್‌ವರ್ಡ್‌ಗಳ ಮುಚ್ಚಿದ ಲಕೋಟೆ ಯಾರ ಮನೆಯ ಬೀರುವಿನಲ್ಲಿದೆ? ಕೇರಳದ ಒಳಗೇ ಮಾಲು ಕೊಳ್ಳುವವರು ಯಾರಾದರೂ ಇದ್ದಾರಾ?

ಇಂಟರ್‌ನೆಟ್‌ಗೆ ಫೈಬರ್ ಒಂದು, ಬೇರೆ ಕಂಪೆನಿಯ ಸಿಮ್ ಇರುವ ಡಾಂಗಲ್ ಒಂದು ಸಾಕು. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಕಂಬದ ಜೊತೆ ಫೈಬರ್ ಕೂಡ ಹೋಗುತ್ತದೆ, ಹಾಗಾಗಿ ಎರಡು ಫೈಬರ್‌ಗಿಂತ ಒಂದು ಫೈಬರ್ ಒಂದು ಸಿಮ್ ವಾಸಿ. ಇನ್‌ವರ್ಟರ್‌ನಲ್ಲಿ ಮೋಡೆಮ್ ಮತ್ತು ಪ್ರಿಂಟರ್ ಕೂಡ ಸೇರಿರಲಿ. ಸೈಬರ್ ದಾಳಿ ಆದರೆ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕು ಎಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲಿ ಬಂದಿದೆ. ಹಣ ಕಳವಾದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಈ ನಂಬರನ್ನು ಗೋಡೆಗೆ ಅಂಟಿಸಿ.

ಕನ್ಸಲ್ಟೆಂಟ್ ಬೇಕಾ? ಜೋಡಣೆಗೆ ಬೇಕು. ಯೋಜನೆ ಬರೆಯಲು ಎರಡು ಮೂರು ದಿನದ ಸಹಾಯ ಸಾಕು. ಆರಿಸುವಾಗ ನಾನು ನೋಡುವುದು ಹೀಗೆ. ಯೋಜನೆ ಬರೆಯುವವರೇ ಸರ್ವರ್ ಮಾರುವವರಾಗಿರಬಾರದು. ಮೊದಲ ಭೇಟಿಯಲ್ಲಿ ಅವರು ನಿಮ್ಮ ಅಂಗಳದಲ್ಲಿ ನಿಂತು ಒಂದು ಜೀಪು ಇಳಿಸುವುದನ್ನು ನೋಡುತ್ತಾರಾ, ಅಥವಾ ನೇರ ಲ್ಯಾಪ್‌ಟಾಪ್ ತೆರೆಯುತ್ತಾರಾ? ನಿಮ್ಮ ಗುಮಾಸ್ತರ ಹತ್ತಿರ ಮಾತಾಡುತ್ತಾರಾ? ಬರೆದು ಕೊಡುವುದು ಕನ್ನಡದಲ್ಲೂ ಇರಬೇಕು, ಯಾಕೆಂದರೆ ಕರೆಂಟು ಹೋದ ದಿನ ಅದನ್ನು ಓದಿ ಕೆಲಸ ಮಾಡುವವರು ಅಂಗಡಿಯ ಹುಡುಗರು. ಎಪಿಐ ಕೀಲಿ, ಪಾಸ್‌ವರ್ಡ್, ಕ್ಲೌಡ್ ಖಾತೆ ಎಲ್ಲ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಹಣವನ್ನು ಮೂರು ಕಂತಿನಲ್ಲಿ ಕೊಡಿ. ಕೊನೆಯ ಕಂತು, ಅವರ ಎದುರಿಗೇ ಕೊಂಡಿ ಕಡಿದು ನೋಡಿ ಎಲ್ಲ ಸರಿ ಹೋದ ಮೇಲೆ.

ಕಂಪೆನಿಯ ಜೊತೆಗಿನ ಒಪ್ಪಂದದಲ್ಲೂ ನಾಲ್ಕು ಸಾಲು ಸೇರಿಸಲು ಕೇಳಿ. ದೊಡ್ಡವರು, ಹೇಗೆ ಕೇಳುವುದು ಎಂದು ಸಂಕೋಚ ಬೇಡ. ಅವರ ಸಿಸ್ಟಮ್ ಬದಲಿಸುವ ಮೊದಲು ಕನಿಷ್ಠ 30 ದಿನ ಮುಂಚೆ ತಿಳಿಸಬೇಕು. ಪರೀಕ್ಷೆಗೆ ಬೇರೆ ಸಿಸ್ಟಮ್ ಕೊಡಬೇಕು, ನಿಜವಾದ ಲೆಕ್ಕದ ಮೇಲೆ ಪ್ರಯೋಗ ಆಗಬಾರದು. ಅವರ ಕಡೆ ಕೊಂಡಿ ಕಡಿದ ದಿನ ಇಮೇಲ್ ಫೈಲನ್ನು ಒಪ್ಪಬೇಕು, ಆ ಕಾರಣಕ್ಕೆ ಹಣ ತಡೆಯಬಾರದು. ರಾತ್ರಿ ಲಾರಿ ನಿಂತರೆ ಫೋನ್ ಎತ್ತುವ ಒಬ್ಬರ ನಂಬರ್ ಬೇಕು. ಬಿಸಿಪಿ ಕೇಳುವ ಕಂಪೆನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನನ್ನ ಅನುಭವದಲ್ಲಿ ಇಂಥದ್ದಕ್ಕೆ ಇಲ್ಲ ಎಂದವರು ಕಡಿಮೆ.

ಇನ್ನು ಪರೀಕ್ಷೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಗಡಿಗೆ ಬರುವವರು ಕಡಿಮೆ ಇರುವ ಒಂದು ಶನಿವಾರ ಆರಿಸಿ. ಬೆಳಗ್ಗೆ ಹತ್ತಕ್ಕೆ ಫೈಬರ್ ಎಳೆದು ಕಳಚಿ, ಮುಖ್ಯ ಕಂಪ್ಯೂಟರ್ ಆಫ್ ಮಾಡಿ. ಮಧ್ಯಾಹ್ನ ಒಂದು ಗಂಟೆಯವರೆಗೆ ಹಾಗೆಯೇ ಕೆಲಸ ನಡೆಸಿ. ಯಾರಿಗೂ ಮೊದಲೇ ಹೇಳಬೇಡಿ. ಒಂದು ಅಂಗಡಿಯಲ್ಲಿ ಹೀಗೆ ಮಾಡಿದಾಗ ಮೊದಲ ಅರ್ಧ ಗಂಟೆಯಲ್ಲೇ ಮೂರು ವಿಷಯ ಹೊರಬಂತು. ಕಾರ್ಬನ್ ಹಾಳೆ ಒಣಗಿ ಅಕ್ಷರ ಮೂಡುತ್ತಿರಲಿಲ್ಲ. ಬದಲಿ ತೂಕದ ಯಂತ್ರದ ಬ್ಯಾಟರಿ ಚಾರ್ಜ್ ಇರಲಿಲ್ಲ. ಆ ದಿನದ ದರದ ಪಟ್ಟಿ ಕಂಪ್ಯೂಟರಿನಲ್ಲಿ ಮಾತ್ರ ಇತ್ತು, ಗೋಡೆಯ ಮೇಲೆ ಇರಲಿಲ್ಲ. ಮೂರನ್ನೂ ಸರಿಪಡಿಸಲು ಐನೂರು ರೂಪಾಯಿಯೂ ಬೇಕಾಗಲಿಲ್ಲ. ಮಧ್ಯಾಹ್ನ ಕೈಚೀಟಿಗಳನ್ನು ಕಂಪ್ಯೂಟರಿಗೆ ಹಾಕುವಾಗ ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಕೈಚೀಟಿಗೆ ಬೇರೆ ಸಾಲಿನ ನಂಬರ್ ಕೊಟ್ಟಿದ್ದರೆ ಒಂದೂ ಬಿಟ್ಟುಹೋಗುವುದಿಲ್ಲ, ಎರಡು ಸಲವೂ ಸೇರುವುದಿಲ್ಲ.

ಕೊನೆಯದಾಗಿ, ಕಂಪೆನಿಗೆ ಕೊಡಬೇಕಾದ ಕಾಗದ. ಸರ್ಟಿಫಿಕೇಟ್ ಸದ್ಯ ಬೇಡ. ಅವರು ಐಎಸ್‌ಒ 22301 ಸರ್ಟಿಫಿಕೇಟನ್ನೇ ಕೇಳಿದ್ದಾರಾ, ಬರೀ ಯೋಜನೆ ಕೇಳಿದ್ದಾರಾ ಎಂದು ಪತ್ರ ತೆಗೆದು ಮತ್ತೆ ಓದಿ. ನೀವು ಬರೆದದ್ದರ ಪ್ರಕಾರ ಯೋಜನೆ ಮಾತ್ರ. ನಾಲ್ಕು ಪುಟ ಸಾಕು. ಮೊದಲ ಪುಟದಲ್ಲಿ ಯಾವ ಕೆಲಸ ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗುತ್ತದೆ ಎಂಬ ಪಟ್ಟಿ. ಎರಡನೆಯದರಲ್ಲಿ ಕರೆಂಟು, ಇಂಟರ್‌ನೆಟ್, ಪೋರ್ಟಲ್, ಬ್ಯಾಂಕ್, ಗಡಿ, ಒಂದೊಂದು ನಿಂತರೆ ಏನು ಮಾಡುತ್ತೀರಿ ಎಂಬುದು. ಮೂರನೆಯದರಲ್ಲಿ ಯಾರಿಗೆ ಯಾವ ಜವಾಬ್ದಾರಿ, ಅವರು ಇಲ್ಲದಿದ್ದರೆ ಯಾರು, ಫೋನ್ ನಂಬರ್ ಸಹಿತ. ನಾಲ್ಕನೆಯದರಲ್ಲಿ ಆ ಶನಿವಾರದ ಪರೀಕ್ಷೆಯ ವರದಿ, ತಪ್ಪಿದ್ದು ಸರಿಪಡಿಸಿದ್ದು ಎರಡನ್ನೂ ಮುಚ್ಚಿಡದೆ. ನಾಲ್ಕನೇ ಪುಟ ತುಂಬಿದ ಮೇಲೆ ಕಂಪೆನಿಗೆ ಕಳಿಸಿ. ಆ ಪುಟ ಖಾಲಿ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಸಮಯ ಕೇಳಿ. ಡಿಸೆಂಬರ್‌ನಿಂದ ಹೊಸ ಚಾಲಿ ಬರಲು ಶುರುವಾಗುವ ಮೊದಲು ಎಲ್ಲ ಮುಗಿಸಲು ಸಾಕಷ್ಟು ಸಮಯ ಇದೆ.